ಒಂದ ಸಲಾ ಕೇಳಿ ಹೋಗೂ ಊರು

ಚಾ ನನ್ನ ಮುಂದಿಂದ ಹಂಗಽ ಹೋಗಿಬಿಡ್ತು ನೋಡ್ರಿ!

ದಾಂಡೇಲಿ ರಿಸಾರ್ಟಿನ್ಯಾಗ ಅದು ನನ್ನ ಮೊದಲನೇ ದಿನಾ. ತೇರಗಾಂವ ಬಿಟ್ಟು, ಹಳಿಯಾಳದಾಗ ಬಸ್ ಬದಲಿ ಮಾಡಿ, ಬ್ಯಾಗ್ ಹೊತಗೊಂಡು ಬಂದು ಕುಂತಿದ್ದೆ. ಮ್ಯಾನೇಜರ್ ಮಂಡ್ಯ ಕಡೆಯವ್ರು. "ಟೀ ತಗೋತೀರಾ ಅಕ್ಕ?" ಅಂದ್ರು. "ಬ್ಯಾಡ್ರಿ, ಈಗಽ ಆತು" ಅಂದೆ. ಆಗಿದ್ದಿಲ್ಲ. ಗಂಟಲಾ ಒಣಗಿ ಕಟಗಿ ಆಗಿತ್ತು. ಅವ್ರು "ಸರಿ" ಅಂದ್ರು, ಟ್ರೇ ಹಿಡದಾಂವ ಮುಂದ ಹೋದ. ನನ್ನ ಪಾಲಿಗೆ ಯಾಲಕ್ಕಿ ವಾಸನಿ ಅಷ್ಟ ಉಳೀತು.

ನಮ್ಮ ಕಡೆ ಮಂದಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೇ "ಬ್ಯಾಡ" ನಮ್ಮಲ್ಲಿ ಯಾರರ ಕಿವಿಮ್ಯಾಲ ಹಾಕ್ಕೊಂತಾರೇನು? ಎರಡನೇದಕ್ಕ "ಏ ತಗೋರಿ, ಅರ್ಧಾ ಕಪ್ಪು" ಅಂತಾರ. ಮೂರನೇದಕ್ಕ ಕಪ್ಪು ಕೈಯಾಗ ಇರ್ತೈತಿ. ಮೊದಲನೇ ಸಲಕ್ಕಽ "ಕೊಡ್ರಿ" ಅಂದಾಕಿನ್ನ ಹಿಂದಿನಿಂದ ನಾವು ಏನ ಅಂತೇವಿ ಅನ್ನೂದು ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ.

ಎರಡು ಬಸ್ಸಿನ ದಾರಿಗೆ ದುಬೈಕ ಹೋದಾಕಿ ಹಂಗ ಬರೀತಾಳಲ್ಲ ಅಂತ ನಗಬ್ಯಾಡ್ರಿ. ಬಂದು ಇದ್ದು ನೋಡ್ರಿ, ತಿಳೀತೈತಿ.

ಹಳಿಯಾಳದಾಗ ನಾ ರೊಟ್ಟಿ ಬಡೀತಿದ್ದ ಖಾನಾವಳಿ ಮುಚ್ಚಿತು. ಇಲ್ಲಿ ಟೂರಿಸ್ಟ್ ಮಂದಿಗೆ ಜವಾರಿ ಊಟಾ ಬೇಕಂತ, ಅದಕ್ಕ ಬಂದೆ. ಅದಽ ಜ್ವಾಳಾ, ಅದಽ ಕೈ. ಆದ್ರ ಉಣ್ಣೂ ಮಂದಿ ರೊಟ್ಟಿ ಮುರಿಯೂಕಿಂತ ಮೊದಲ ಅದರ ಫೋಟೋ ಹೊಡೀತಾರ. ರೊಟ್ಟಿ ಆರಿ ಹಪ್ಪಳ ಆಗ್ತೈತಿ, ಆಮ್ಯಾಲ "ಸ್ವಲ್ಪ ಗಟ್ಟಿ ಅಲ್ವಾ?" ಅಂತಾರ.

ಇರಾಕ ಹೆಂಗಸರಿಗೆಲ್ಲಾ ಸೇರಿಸಿ ಒಂದಽ ಖೋಲಿ. ಮ್ಯಾಲೊಂದು ಕೆಳಗೊಂದು ಮಂಚಾ. ಮುಂಜಾನೆ ಜಳಕಾ ಮಾಡಿ ಅಂಗೈಯಾಗ ಲಿಂಗಾ ಇಟಗೊಂಡು ಕುಂತ್ರ, ಮ್ಯಾಲಿನ ಮಂಚಕ್ಕ ಹಾಕಿದ ಹಸಿ ಟಾವೆಲ್ ತಲಿಮ್ಯಾಲ ತೊಟ್ಟಿಕ್ಕತೈತಿ. ಬಾಜೂಕ ಒಬ್ಬಾಕಿ ಮೊಬೈಲಿನ್ಯಾಗ ರೀಲ್ಸ್ ಹಚ್ಚಿರ್ತಾಳ. ಪೂಜಾ ಅರ್ಧಕ್ಕ ಬಿಟ್ಟು ಏಳೂದಾತು. ನನಗ ಪಗಾರ ಗಿಗಾರದ ಕಡೆ ಅಷ್ಟ ಲಕ್ಷ್ಯ ಇದ್ದಿಲ್ರಿ. ಬಾಗಲಾ ಹಾಕ್ಕೊಳ್ಳಾಕ ಬರೂವಂಥ ಒಂದು ಖೋಲಿ ಬೇಕಾಗಿತ್ತು. ಅಂಥಾ ಖೋಲಿ ಅಡಗಿಮನಿ ಇನ್‌ಚಾರ್ಜ್‌ಗೆ ಮಾತ್ರ ಇತ್ತು.

ಇಲ್ಲಿ ಒಂದು ಶಬ್ದ ಐತಿ, "ಆಫರ್" ಅಂತ. ಕೇಳಿ ಕೇಳಿ ತಲಿ ಕೆಡ್ತೈತಿ. ಗೇಟಿನ ಮುಂದ "ಮಳೆಗಾಲದ ಆಫರ್" ಬೋರ್ಡು. ಗೆಸ್ಟ್ ಬಂದ್ರ ನೀರು ಆಫರ್ ಮಾಡ್ರಿ. ಜೀಪಿನ್ಯಾಗ ಹೋಗೂವಾಗ ಯಾರರ ನಿಂತಿದ್ರ ಲಿಫ್ಟ್ ಆಫರ್ ಮಾಡ್ರಿ. ಗಣಪತಿಗೆ ಹೂವೂ ಆಫರ್. ನಾವು ದೇವರಿಗೆ ಎಡಿ ಹಿಡೀತೇವಿ, ಬೀಗರಿಗೆ ಬಡಸ್ತೇವಿ, ಮುತ್ತೈದಿಗೆ ಉಡಿ ತುಂಬ್ತೇವಿ, ದನಕ್ಕ ಮೇವು ಹಾಕ್ತೇವಿ. ಒಂದೊಂದಕ್ಕ ಒಂದೊಂದು ಕೈ ಐತಿ. ಇವರದು ಎಲ್ಲಾದಕ್ಕೂ ಒಂದಽ. ಬಾಯಿಲೆ ಅಂದು ಕೈ ಝಾಡಿಸ್ಕೊಂಡ್ರ ಮುಗೀತು.

ಹಿಂಗಿರೂವಾಗ ಇನ್‌ಚಾರ್ಜ್ ಇದ್ದಾಕಿ ಕೆಲಸಾ ಬಿಟ್ಲು. ಮ್ಯಾನೇಜರ್ ನನ್ನ ಹಂಚಿನ ಹತ್ರ ಬಂದು ನಿಂತ್ರು.

"ಅಕ್ಕ, ಇನ್‌ಚಾರ್ಜ್ ಕೆಲಸ ನಿಮಗೇ ಆಫರ್ ಮಾಡೋಣ ಅಂತಿದೀನಿ. ಮಾಡ್ತೀರಾ?"

"ಅಯ್ಯ, ನಾ ಎಲ್ಲಿ, ಆ ಕೆಲಸಾ ಎಲ್ರಿ ಸರ್ರ! ಬ್ಯಾಡ ತಗೋರಿ. ಯಾರರ ಶ್ಯಾಣ್ಯಾರನ್ನ ನೋಡ್ರಿ."

ಬಾಯಿ ಹಿಂಗ ಅನ್ನಾಕತ್ತಿತ್ತು, ಒಳಗ ಆಗಲೇ ಆ ಖೋಲಿ ಮೂಲ್ಯಾಗ ದೇವರ ಜಗಲಿ ಹೂಡಿ ದೀಪಾ ಹಚ್ಚಿದ್ದೆ.

"ಹೌದಾ? ಸರಿ ಬಿಡಿ ಹಾಗಾದ್ರೆ."

ಹೋದ್ರು. ನಾ ರೊಟ್ಟಿ ಬಡಕೋತ ಬಾಗಲಾ ನೋಡಾಕತ್ತೆ, ಈಗ ಬರ್ತಾರ, ಇನ್ನೊಮ್ಮೆ ಕೇಳ್ತಾರ ಅಂತ. ಮಧ್ಯಾಹ್ನದಾಗ ಬಂದಾಕಿ ಸುಮನ್. ಜೋಯಿಡಾ ಕಡೆಯಾಕಿ, ನನ್ನ ಮ್ಯಾಲಿನ ಮಂಚದಾಕಿ. ಟ್ರಂಕ್ ಹೊತಗೊಂಡು ಆ ಖೋಲಿಗೆ ನಡದಿದ್ಲು.

ಸಿಟ್ಟು ನೆತ್ತಿಗೇರಿತು. ಹಿಟ್ಟಿನ ಕೈಲೇ ಆಫೀಸಿಗೆ ಹೋದೆ.

"ಸರ್ರ, ಆ ಕೆಲಸಾ ನನಗ ಅಂದಿದ್ರಿ!"

"ಆಫರ್ ಮಾಡಿದ್ನಲ್ಲಕ್ಕ. ನೀವೇ ಬೇಡ ಅಂದ್ರಿ."

"ಅನ್ನಬೇಕಲ್ರಿ! ಅನ್ನದಽ ಹೆಂಗ ಬಿಡೂದು? ನೀವು ಇನ್ನೊಮ್ಮೆ ಕೇಳಬೇಕಿತ್ತು."

"ಬೇಡ ಅಂದವ್ರನ್ನ ಬಲವಂತ ಮಾಡೋದು ತಪ್ಪಲ್ವಾ?"

ಖರೇನಽ ಗಾಬರಿ ಆಗಿದ್ರು, ಪಾಪ. ಅವ್ರೂ ಕನ್ನಡ, ನಾನೂ ಕನ್ನಡ. ಇಂಗ್ಲಿಷಿನ್ಯಾಗ ಜಗಳಾಡಿದ್ರ ಇಷ್ಟ ತ್ರಾಸ ಆಗ್ತಿದ್ದಿಲ್ಲೇನೋ.

ಗದ್ದಲಾ ಕೇಳಿ ಬಾಗಲದಾಗ ಬಂದು ನಿಂತಿದ್ದ ಸುಮನ್‌ಗೆ ನಗು ತಡೀಲಿಲ್ಲ. "ಮಾದೇವಕ್ಕಾ, ನಮ್ಮ ಕೊಂಕಣಿಯಲ್ಲಿ ಜಾಯ್ ಅಂದ್ರೆ ಬೇಕು, ನಾಕಾ ಅಂದ್ರೆ ಬೇಡ. ನಿಂದು ಬಾಯಲ್ಲಿ ನಾಕಾ, ಹೊಟ್ಟೆಯಲ್ಲಿ ಜಾಯ್. ಯಾರಿಗೆ ಗೊತ್ತಾಗ್ಬೇಕು?"

"ಮಾತಾಡವಾ, ಮಾತಾಡ. ಖೋಲಿ ಸಿಕ್ಕೈತಿ, ಈಗ ಮಾತು ಬರ್ತಾವ."

ಆ ವಾರ ರಜಾ ಹಾಕಿ ಊರಿಗೆ ಹೋದೆ. ವೈನಿ, ಅಂದ್ರ ನಮ್ಮಣ್ಣನ ಹೆಂಡ್ತಿ, ಊಟಕ್ಕ ಬಡಿಸಿದ್ಲು. ಹೊಟ್ಟಿ ತುಂಬಿತು. "ಸಾಕು ವೈನಿ, ಖರೇನಽ ಸಾಕು" ಅಂದೆ. "ಖರೇನಽ ಅಂತ, ನೋಡ ಇಕಿನ್ನ!" ಅಂತ ಎರಡು ರೊಟ್ಟಿ ತಂದು ದಬಕ್ ಅಂತ ಹಾಕಿದ್ಲು. ನನಗ ಏನಾತೋ ಏನೋ, "ಸಾಕಂದ್ರ ಸಾಕು! ಒಮ್ಮೆ ಹೇಳಿದ್ರ ತಿಳಿಯೂದಿಲ್ಲೇನು?" ಅಂತ ಒದರಿಬಿಟ್ಟೆ. ವೈನಿ ಕೈಯಾಗಿನ ಪಲ್ಯದ ಸೌಟು ಹಂಗಽ ನಿಂತಿತು. "ದಾಂಡೇಲಿ ನೀರು ಹತ್ತೇತವಾ ನಿನಗ" ಅಂದ್ಲು. ಅಷ್ಟಽ. ಆಮ್ಯಾಲ ಮಜ್ಜಗಿ ಬೇಕೇನು ಅಂತ ಒಮ್ಮೆ ಕೇಳಿದ್ಲು. ಬ್ಯಾಡ ಅಂದೆ. ಸುಮ್ಮನಾದ್ಲು. ಮಜ್ಜಗಿ ನನಗ ಬೇಕಾಗಿತ್ರಿ.

ಮುಂದ ರಿಸಾರ್ಟಿನವ್ರು ಜೋಯಿಡಾ ಕಡೆ ಹೊಸಾ ಹೋಂಸ್ಟೇ ತಗದ್ರು. ಮ್ಯಾನೇಜರ್ ಬಂದು, "ಅಕ್ಕ, ಅಲ್ಲಿನ ಕಿಚನ್‌ಗೆ ಇನ್‌ಚಾರ್ಜ್ ಬೇಕು. ಸಪರೇಟ್ ರೂಮಿದೆ. ಹೋಗ್ತೀರಾ?" ಅಂದ್ರು.

ಊರಿಂದ ಇನ್ನೊಂದು ಬಸ್ಸು ದೂರ. ನಾಲಿಗಿಮ್ಯಾಲ "ಬ್ಯಾಡ" ಬಂದು ನಿಂತಿತ್ತು. ಹಲ್ಲು ಕಚ್ಚಿ ಅದನ್ನ ಒಳಗ ನುಂಗಿದೆ.

"ಹೂಂ ರೀ. ಹೋಗ್ತೇನಿ."

ಮಂದ್ಯಾಗ ತಲಿಮ್ಯಾಲಿನ ಸೆರಗು ಜಾರಿದಂಗ ಆತು ನನಗ. ಅವ್ರು "ಗುಡ್" ಅಂದು ಹೋದ್ರು. "ನೀವಽ ಆಗಬೇಕು ಮಾದೇವಕ್ಕಾ, ನಿಮ್ಮ ಬಿಟ್ಟು ಯಾರದಾರ" ಅಂತ ಸುಳ್ಳರ ಒಂದು ಮಾತು ಬ್ಯಾಡೇನ್ರಿ? ಖೋಲಿ ಸಿಕ್ಕಿತು, ಆದ್ರ ಯಾರೂ ಕರದಂಗ ಆಗಲಿಲ್ಲ.

ಈಗ ಜೋಯಿಡಾದಾಗ ಅದೇನಿ. ಚಿಲಕಾ ಗಟ್ಟಿ ಐತಿ. ಮುಂಜಾನೆ ಅಂಗೈಯಾಗ ಲಿಂಗಾ ಇಟಗೊಂಡು ಎಷ್ಟೊತ್ತು ಕುಂತ್ರೂ ಯಾರೂ ಕೇಳೂದಿಲ್ಲ. ಬಾಗಲಾ ಬಡದು "ಏ, ಚಾ ಆರಾಕತ್ತೇತಿ, ಬಾ" ಅನ್ನಾವ್ರೂ ಇಲ್ಲ.

ನಮ್ಮ ವೈನಿ ಫೇಸ್‌ಬುಕ್ ನೋಡೂದಿಲ್ಲ, ಅದಕ್ಕಽ ಧೈರ್ಯಾ ಮಾಡಿ ಬರ್ಯಾಕತ್ತೇನಿ. ಮೊನ್ನೆ ಫೋನ್ ಮಾಡಿದ್ಲು. ಸಿಟ್ಟು ಇಳದಿತ್ತು.

"ದೊಡ್ಡ ಕೆಲಸಾ ಸಿಕ್ಕೈತಂತಲ್ಲ. ಅವರಽ ಕರದ್ರೋ, ನೀನಽ ಹೋದ್ಯೋ?"

"ಅವರಽ ಕರದ್ರು ವೈನಿ."

"ಎಷ್ಟ ಸಲಾ ಕೇಳಿದ್ರು?"

"ಏ, ಅದನ್ನ ಏನ ಕೇಳ್ತಿ! ಬ್ಯಾಡ ಬ್ಯಾಡ ಅಂದ್ರೂ ಬಿಡವಲ್ರು. ಬಾಗಲದಾಗ ಬಂದು ನಿಂತುಬಿಟ್ರು. ಕಡಿಕ ಬ್ಯಾಸರಾಗಿ ಹೂಂ ಅಂದೆ."

"ಹಂಗ ಮತ್ತ!" ಅಂದ್ಲು ವೈನಿ, ಜೀವಾ ತಣ್ಣಗಾದಂಗ.