ಸತ್ತ ಮನೆಯ ಸಕ್ಕರೆ

ಗಂಡ ಶೆಟ್ಟೆಪ್ಪ ತೀರಿಕೊಂಡ ಮುಂಜಾನೆ ಎಂದರೆ ಕೌಜಲಗಿಯ ಹಣಮವ್ವನಿಗೆ ಮೊದಲು ಕಣ್ಣಿಗೆ ಕಟ್ಟುವುದು ಹಿಟ್ಟು ನಾದುವ ಅಗಲ ತಟ್ಟೆ, ಪರಾತ. ದಿನದಂತೆ ಎದ್ದು, ಬಾಯಿ ಮುಕ್ಕಳಿಸಿ, ಶುಗರಿನ ಗುಳಿಗೆ ನುಂಗಿ ಒಲೆ ಹಚ್ಚಿದ್ದಳು. ದಿನಾಲೂ ಗುಳಿಗೆ ಹೊಟ್ಟೆಗಿಳಿದ ಸ್ವಲ್ಪ ಹೊತ್ತಿಗೆ ಮೊದಲ ರೊಟ್ಟಿ ಬೇಯುತ್ತಿತ್ತು. ಗಂಡ ಹೆಂಡತಿ ಎದುರುಬದುರು ಕುಳಿತು ಅದನ್ನು ಮುರಿದುಕೊಂಡು ಮೊಸರಲ್ಲಿ ತಿನ್ನುವುದು ವರ್ಷಗಟ್ಟಲೆಯ ರೂಢಿ.

ಅವತ್ತು ಹಿಟ್ಟು ನಾದಿಯಾಗಿತ್ತು, ಹೆಂಚು ಕಾದಿತ್ತು. "ಏಳ್ರಿ, ಕುರಿ ಒದರಾಕತ್ತಾವ" ಎಂದು ಒಳಗಿನಿಂದಲೇ ಕೂಗಿದಳು. ಹೊರಸಿನ ಮೇಲಿದ್ದವನು ಏಳಲಿಲ್ಲ. ಹಿಟ್ಟಿನ ಕೈಯಲ್ಲೇ ಹೋಗಿ ಕೆನ್ನೆ ಮುಟ್ಟಿದಳು. ತಣ್ಣಗಿತ್ತು. ಅವಳ ಬೆರಳಿನ ಹಿಟ್ಟು ಅವನ ಗಡ್ಡಕ್ಕೆ ಅಂಟಿತು.

ಆಮೇಲೆ ಮಂದಿ ಬಂದರು. ಯಾರೋ ಒಲೆಗೆ ನೀರು ಸುರಿದರು. ಹೆಣ ಹೋಗುವತನಕ ಆ ಮನೆಯಲ್ಲಿ ಬೆಂಕಿ ಇಲ್ಲ, ಮನೆಯವರ ಬಾಯಿಗೆ ಕೂಳಿಲ್ಲ. ಶೆಟ್ಟೆಪ್ಪನಿಗೆ ಸ್ನಾನ ಮಾಡಿಸಿ, ತಲೆಗೆ ಪಟಕ ಸುತ್ತಿ, ಹೆಗಲಿಗೆ ಅವನದೇ ಕರಿ ಕಂಬಳಿ ಹೊದಿಸಿ, ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದರು. ಭಜನೆಯವರು ಬಂದು ತಾಳ ಹಿಡಿದರು. ಮಣ್ಣಿಗೆ ಒಯ್ಯಲು ಮಗಳು ಶೋಭಾ ಬರಬೇಕಿತ್ತು. ಅವಳನ್ನು ಕೊಟ್ಟದ್ದು ಹುಕ್ಕೇರಿ ಕಡೆಯ ದಡ್ಡಿ ಎಂಬ ಊರಿಗೆ. ಅಲ್ಲಿಂದ ಬಸ್ಸು ಬದಲಿಸಿ ಬದಲಿಸಿ ಬರುವಷ್ಟರಲ್ಲಿ ಹೊತ್ತು ನೆತ್ತಿಗೇರುವುದು ಗ್ಯಾರಂಟಿಯಾಗಿತ್ತು.

ಶೆಟ್ಟೆಪ್ಪನ ಅಕ್ಕ ಗುಡ್ಡವ್ವ ತಮ್ಮನ ಮುಂದೆ ಕುಳಿತು ಹಾಡಿಕೊಂಡು ಅಳುತ್ತಿದ್ದಳು. ಅವನು ಕುರಿ ಮೇಯಿಸಿದ ಗುಡ್ಡಗಳ ಹೆಸರೆಲ್ಲ ಅವಳ ಅಳುವಿನಲ್ಲಿ ಬಂದವು. ನಡುನಡುವೆ ಕಣ್ಣೊರೆಸಿಕೊಂಡು ಹಣಮವ್ವನನ್ನು ನೋಡುತ್ತಿದ್ದಳು.

"ಅಳ, ಹಣಮಿ. ಎದ್ಯಾಗ ಇಟಗೊಂಡ್ರ ಹುಚ್ಚ ಹಿಡಿತೇತಿ. ಮಂದಿ ನೋಡಾಕತ್ತಾರ."

ಹಣಮವ್ವನಿಗೆ ಅಳು ಬರಲಿಲ್ಲ. ಅಲ್ಲಿ ಕುಳಿತವನು ತನ್ನ ಗಂಡ ಎಂಬುದು ಗೊತ್ತಿತ್ತು, ಆದರೆ ಆ ಮಾತು ಹೊಟ್ಟೆಗೆ ಇಳಿದಿರಲಿಲ್ಲ. ಅಡುಗೆಮನೆಯ ಬಾಗಿಲಿನಲ್ಲಿ ಪರಾತ ಕಾಣುತ್ತಿತ್ತು. ಹಿಟ್ಟಿನ ಮುದ್ದೆಯ ಮೇಲೆ ಬಿರುಕು ಬಿದ್ದಿತ್ತು. ಯಾರೂ ಒಂದು ಬಟ್ಟೆ ಮುಚ್ಚಲಿಲ್ಲವಲ್ಲ ಎಂದು ಅದನ್ನೇ ನೋಡುತ್ತಿದ್ದಳು.

ಹೊತ್ತು ಏರಿದಂತೆ ಅವಳ ಹಣೆ ಬೆವರಿತು. ಕೈಗಳು ನಡುಗತೊಡಗಿದವು. ಭಜನೆಯ ತಾಳ ಊರಾಚೆಯಿಂದ ಕೇಳಿದಂತಾಯಿತು. ಶೆಟ್ಟೆಪ್ಪನ ಪಟಕ ಒಂದಿದ್ದದ್ದು ಎರಡಾಗಿ ಕಂಡಿತು. ಅವಳು ಪಕ್ಕದ ಕಂಬಕ್ಕೆ ವಾಲಿದಳು.

"ಈಗ ಬಂತ ನೋಡ್ರಿ ದುಃಖ," ಅಂದಳು ಗುಡ್ಡವ್ವ. "ಬಿಡ್ರಿ, ಯಾರೂ ಹಿಡೀಬ್ಯಾಡ್ರಿ. ಕಲ್ಲ ಕರಗಲಿ."

ಮೈದುನನ ಹೆಂಡತಿ ರಾಯವ್ವ ಮಾತ್ರ ಎದ್ದು ಬಂದು ಹಣಮವ್ವನ ಬೆನ್ನು ಮುಟ್ಟಿ ನೋಡಿದಳು. ಕುಪ್ಪಸ ತೊಯ್ದು ತಣ್ಣಗಾಗಿತ್ತು. ಇಬ್ಬರೂ ಅದೇ ಗುಳಿಗೆಯವರು. ಗೋಕಾಕದ ದವಾಖಾನೆಗೆ ಜೋಡಿಯಾಗಿ ಹೋಗಿ ಬರುವವರು. ಹಿಂದೊಮ್ಮೆ ಗುಳಿಗೆ ನುಂಗಿ, ಬುತ್ತಿ ಮರೆತು, ಶೇಂಗಾ ಹೊಲದಲ್ಲಿ ರಾಯವ್ವ ಹೀಗೆಯೇ ಬೆವೆತು ಕುಸಿದಿದ್ದಳು.

"ಯಕ್ಕಾ, ನನ್ನ ಮುಖಾ ನೋಡ. ಮುಂಜಾನಿ ಗುಳಿಗಿ ತಗೊಂಡಿ ಏನ?"

ಹಣಮವ್ವ ಹೂಂ ಎಂದು ತಲೆಯಾಡಿಸಿದಳು.

"ಏನರ ತಿಂದಿ?"

ಹಣಮವ್ವ ಪರಾತದ ಕಡೆ ನೋಡಿದಳು.

ರಾಯವ್ವ ಸರಸರ ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದಳು. ಗುಡ್ಡವ್ವ ಅವಳ ಮುಂಗೈ ಹಿಡಿದಳು. ಭಜನೆ ನಿಂತಿತು.

"ಏನ ಮಾಡಾಕತ್ತಿ ನೀ? ಸಕ್ಕರಿ ಹಂಚೂದು ಕೂಸ ಹುಟ್ಟಿದಾಗ. ಹೆಣಾ ಮುಂದ ಇಟಗೊಂಡು ಹೇಣ್ತಿ ಬಾಯಾಗ ಸಕ್ಕರಿ ಹಾಕತೀಯಾ?"

"ಇದು ದುಃಖ ಅಲ್ರಿ, ಗುಳಿಗಿ. ಉಪಾಸ ಹೊಟ್ಯಾಗ ಬಿದ್ದು ಮೈಯಾಗಿನ ಸಕ್ಕರಿ ಇಳಿಸೇತಿ. ಎರಡ ಹೆಣಾ ಹೊರಾಕ ಮಂದಿ ಅದಾರೇನ ನಿಮ್ಮ ಕಡೆ? ಇದ್ರ ಹೇಳ್ರಿ, ಡಬ್ಬಿ ಒಳಗ ಇಡತೇನಿ."

ಗುಡ್ಡವ್ವನ ಹಿಡಿತ ಸಡಿಲಾಯಿತು. "ನುಂಗಾಕ ಆಕ್ಕೇತಿ ಏನ ಯಕ್ಕಾ?" ಎಂದು ಕೇಳಿ, ಹಣಮವ್ವ ಬಾಯಿ ತೆರೆದ ಮೇಲೆ ರಾಯವ್ವ ಸಕ್ಕರೆ ಹಾಕಿದಳು. ನೀರು ಕುಡಿಸಿ ಮತ್ತೆ ಹಾಕಿದಳು. ಅಷ್ಟು ಜನರ ನಡುವೆ ಹಣಮವ್ವನಿಗೆ ತಿಳಿದದ್ದು ಆ ಸಿಹಿಯೊಂದೇ. ಶುಗರ್ ಬಂದಿದೆ ಎಂದು ಗೊತ್ತಾದ ದಿನ ಶೆಟ್ಟೆಪ್ಪ ಅಂದಿದ್ದ: "ಮದವ್ಯಾದಾಗಿಂದ ನನ್ನ ಜೋಡಿ ಒಂದ ಸಿಹಿ ಮಾತ ಆಡಿಲ್ಲ. ಇಷ್ಟ ಸಕ್ಕರಿ ಎಲ್ಲಿ ಮುಚ್ಚಿಟ್ಟಿದ್ದಿ?" ಆ ಮಾತು ನೆನಪಾಯಿತು. ಆಗಲೂ ಅಳು ಬರಲಿಲ್ಲ.

ನಡುಕ ನಿಂತ ಮೇಲೂ ರಾಯವ್ವ ಬಿಡಲಿಲ್ಲ. "ಸಕ್ಕರಿ ಬಾಳ ಹೊತ್ತ ತಡಿಯೂದಿಲ್ಲ. ಗುಳಿಗಿ ಇನ್ನೂ ಹೊಟ್ಯಾಗ ಐತಿ" ಎಂದು ಹಿತ್ತಿಲಿಗೆ ಕರೆದೊಯ್ದಳು. ಬಾಜೂ ಮನೆಯಿಂದ ಬಂದ ರೊಟ್ಟಿ ಮುರಿದು ಬಾಯಿಗಿಟ್ಟಳು. ಹಣಮವ್ವ ಅಗಿಯುತ್ತಿದ್ದಾಗಲೇ ಹಿತ್ತಿಲ ಬಾಗಿಲಿನಿಂದ ಶೋಭಾ ಬಂದಳು. ಅಪ್ಪನನ್ನು ನೋಡುವ ಮೊದಲು ಅವಳು ಕಂಡದ್ದು ರೊಟ್ಟಿ ತಿನ್ನುತ್ತಿರುವ ಅವ್ವನನ್ನು. ಸೀದಾ ಪಡಸಾಲೆಗೆ ಹೋಗಿ ಅಪ್ಪನ ಮುಂದೆ ಬಿದ್ದು ಅತ್ತಳು.

ಮಣ್ಣಾಯಿತು. ಮಂದಿ ಚದುರಿದರು. ಮಾತು ಉಳಿಯಿತು. ನಳದ ಹತ್ತಿರ, ಗಿರಣಿಯ ಹತ್ತಿರ, "ಗಂಡನ ಹೆಣದ ಮುಂದ ಸಕ್ಕರಿ ಮೆದ್ದಾಕಿ" ಎಂದರೆ ಹಣಮವ್ವ ಎಂದೇ ತಿಳಿಯಬೇಕು. ಅವಳಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಕೊಡ ತುಂಬಿಕೊಂಡು ಬರುತ್ತಿದ್ದಳು. ಆದರೆ ಗುಳಿಗೆಯ ಪಟ್ಟಿಯನ್ನು ಗೋಡೆಯ ಗೂಡಿಗೆ ತಳ್ಳಿದಳು. ಅದು ಹೊಟ್ಟೆಗೆ ಬೀಳದಿದ್ದರೆ ಸಕ್ಕರೆಯ ಪ್ರಸಂಗವೇ ಬರುವುದಿಲ್ಲ ಎಂಬುದು ಅವಳ ಲೆಕ್ಕ.

ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಎಷ್ಟು ನೀರು ಕುಡಿದರೂ ನಾಲಿಗೆ ಒಣಗುತ್ತಿತ್ತು. ಮೈ ಇಳಿಯಿತು. ಒಂದು ದಿನ ಒಲೆಯ ಮುಂದೆ ಕುಳಿತಾಗ ಸುಟ್ಟ ವಾಸನೆ ಬಂತು. ರೊಟ್ಟಿ ತಿರುವಿ ನೋಡಿದಳು, ರೊಟ್ಟಿ ಸೀದಿರಲಿಲ್ಲ. ಒಲೆಯಿಂದ ಸಿಡಿದ ಕೆಂಡ ಅವಳ ಪಾದದ ಮಗ್ಗುಲಿಗೇ ಬಿದ್ದಿತ್ತು. ಬೊಬ್ಬೆ ಏಳುತ್ತಿದ್ದ ಕಾಲನ್ನು ಬೇರೆ ಯಾರದೋ ಕಾಲು ನೋಡಿದಂತೆ ನೋಡಿದಳು. ಅದೂ ನೋಯಲಿಲ್ಲ.

ರಾಯವ್ವ ಕಾಲು ನೋಡಿದಳು, ಗೂಡು ನೋಡಿದಳು, ತುಂಬಿದ ಪಟ್ಟಿ ಕೈಗೆತ್ತಿಕೊಂಡಳು. "ಸೀರಿ ಉಟಗೋ" ಎಂದಷ್ಟೇ ಹೇಳಿ ಗೋಕಾಕದ ಬಸ್ಸಿಗೆ ಹತ್ತಿಸಿದಳು.

ದವಾಖಾನೆಯಲ್ಲಿ ಡಾಕ್ಟರಮ್ಮ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಿ, ರಕ್ತ ತಪಾಸಣೆ ಮಾಡಿಸಿ ಕೇಳಿದಳು, "ಯಾಕ ಬಿಟ್ರಿ ಅಮ್ಮಾ ಗುಳಿಗಿ?"

ಹಣಮವ್ವ ಎಲ್ಲವನ್ನೂ ಹೇಳಿದಳು, ಪರಾತದಿಂದ ಹಿಡಿದು. ಡಾಕ್ಟರ್ ಕೇಳಿ ಮುಗಿಸಿ ಗುಳಿಗೆಯ ಪಟ್ಟಿ ಎತ್ತಿ ತೋರಿಸಿದಳು.

"ತಪ್ಪು ಗುಳಿಗೀದಲ್ಲ, ನಿಮ್ಮದೂ ಅಲ್ಲ. ಅವತ್ತ ಕೂಳ ತಪ್ಪಿತು. ಈ ಗುಳಿಗಿ ಊಟದ ಜೋಡೀದು. ರೊಟ್ಟಿ ಕಣ್ಣಿಗಿ ಕಂಡ ಮ್ಯಾಲ ಗುಳಿಗಿ ಬಾಯಿಗಿ. ಉಪಾಸ ಇದ್ರ, ವಾಂತಿ ಆಗಿ ಉಣ್ಣಾಕ ಆಗದಿದ್ರ, ನುಂಗೂ ಮೊದಲ ನನ್ನ ಕೇಳ್ರಿ. ನೀವ ಮನಸಿಗಿ ಬಂದಂಗ ಬಿಡಬ್ಯಾಡ್ರಿ." ಆಮೇಲೆ ರಾಯವ್ವನ ಕಡೆ ತಿರುಗಿದಳು. "ಎಚ್ಚರ ಇರೂತನಕ ಸಕ್ಕರಿ ಕೊಡೂದು ಬರೋಬರಿ. ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕಬ್ಯಾಡ್ರಿ. ಗಾಡಿ ಮಾಡಕೊಂಡ ದವಾಖಾನಿಗಿ ಕರಕೊಂಡ ಬರ್ರಿ."

"ಕೊಟ್ಟಿದ್ದಕ್ಕ ಇನ್ನೂ ಬೈಸಿಕೊಳ್ಳಾಕತ್ತೇನ್ರಿ ಡಾಕ್ಟರ ಬಾಯಾರ."

"ಬೈಸಿಕೊಳ್ರಿ. ಕೇಳಾಕ ಇವರು ಉಳದಾರಲ್ಲ."

ಅಂದಿನಿಂದ ಹಣಮವ್ವನ ಸೆರಗಿನ ತುದಿಯಲ್ಲಿ ಒಂದು ಚಿಕ್ಕ ಗಂಟು ಬಂತು, ಸಕ್ಕರೆಯದು. ಗುಳಿಗೆ ಮತ್ತೆ ಶುರುವಾಯಿತು. ಬಾಯಾರಿಕೆ ಇಳಿಯಿತು. ಬದುಕುವ ಆಸೆ ಚಿಗುರಿತು ಎಂದರೆ ಸುಳ್ಳಾಗುತ್ತದೆ. ಮೊದಲ ರೊಟ್ಟಿ ಹೆಂಚಿನಿಂದ ಇಳಿಯುತ್ತಿತ್ತು, ಗುಳಿಗೆ ಒಳಗೆ ಹೋಗುತ್ತಿತ್ತು, ಅಷ್ಟೇ.

ಶೆಟ್ಟೆಪ್ಪನ ವರ್ಷದ ದಿನ ಬಂತು. ಮಣ್ಣು ಮಾಡಿದಲ್ಲಿಗೆ ಎಡೆ ಒಯ್ದು ಇಟ್ಟು ಬರುವತನಕ ಮನೆಯವರು ಉಣ್ಣುವ ಹಾಗಿಲ್ಲ. ಅವತ್ತೂ ಶೋಭಾಳ ಬಸ್ಸಿಗೆ ಕಾಯಬೇಕಿತ್ತು. ಹಿಂದಿನ ದಿನವೇ ಬಂದಿದ್ದ ಗುಡ್ಡವ್ವ ಎಡೆಗೆ ಹೋಳಿಗೆಯ ಕಣಕ ನಾದುತ್ತ ಕುಳಿತಿದ್ದಳು. ಹಣಮವ್ವ ಬೇರೆಯಾಗಿ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿದಳು. ಬೆಂದ ರೊಟ್ಟಿಯನ್ನು ತಾಟಿಗೆ ಹಾಕಿಕೊಂಡು, ಮೊಸರು ಬಡಿಸಿಕೊಂಡು, ಗುಳಿಗೆ ನುಂಗಿದಳು.

"ಅಂವಗ ಎಡಿ ಮುಟ್ಟೂ ಮೊದಲ ಉಣ್ಣಾಕಿ ಏನ ನೀ?" ಅಂದಳು ಗುಡ್ಡವ್ವ.

"ಹೌದ ಯಕ್ಕಾ."

"ಮಂದಿ ಏನಂದಾರು?"

"ಹ್ವಾದ ವರ್ಸ ಅಂದದ್ದನ್ನ ಅಂದಾರು. ಅಂವಾ ನನಗ ರೊಟ್ಟಿ ತಿನಬ್ಯಾಡ ಅಂತ ಒಂದ ದಿನಾನೂ ಅಂದಿಲ್ಲ. ಮೊದಲ ತುತ್ತ ನನ್ನ ಕಡೆನ ಸರಸತಿದ್ದ."

ಗುಡ್ಡವ್ವ ಕಣಕ ನಾದುವುದನ್ನು ನಿಲ್ಲಿಸಿದಳು. ಹಣಮವ್ವ ರೊಟ್ಟಿ ಮುರಿದು ತಿಂದಳು. ರುಚಿ ಹತ್ತಲಿಲ್ಲ, ಆದರೂ ಅಗಿದು ನುಂಗಿದಳು. ತಾಟು ತೊಳೆದಿಟ್ಟು ಮತ್ತೆ ಒಲೆಯ ಮುಂದೆ ಕುಳಿತಳು. ಶೋಭಾಳ ಬಸ್ಸು ಬರುವುದರೊಳಗೆ ಪರಾತದಲ್ಲಿದ್ದ ಹಿಟ್ಟನ್ನೆಲ್ಲ ಬಡಿದು ಮುಗಿಸಿದಳು.