ಮೊಯ್ದು ಕಾಕನ ಹೆಬ್ಬೆರಳು

ಮೊಯ್ದು ಕಾಕನ ಕೋಪ ಗೊತ್ತಾಗುತ್ತಿದ್ದುದು ಅವರ ಬಲಗಾಲಿನ ಹೆಬ್ಬೆರಳಿನಿಂದ. ನೆಲ್ಯಹುದಿಕೇರಿಯ ಅವರ ಗ್ಯಾರೇಜಿಗೆ ಹೋದವರಿಗೆ ದರ್ಶನ ಕೊಡುತ್ತಿದ್ದುದು ಯಾವುದಾದರೂ ಜೀಪಿನಡಿಯಿಂದ ಹೊರಚಾಚಿದ ಎರಡು ಪಾದಗಳು ಮಾತ್ರ. ಹೆಬ್ಬೆರಳು ಮಲಗಿದ್ದರೆ ಭಕ್ತರು ಅಹವಾಲು ಸಲ್ಲಿಸಬಹುದು. ನೆಟ್ಟಗೆ ನಿಂತಿದ್ದರೆ ಎದುರಿನ ಹೋಟೆಲಿಗೆ ಹೋಗಿ ಚಹಾ ಕುಡಿದು ಬರುವುದು ಕ್ಷೇಮ. ಬಹುಪಾಲು ದಿನ ನಾವು ಚಹಾ ಕುಡಿಯುತ್ತಿದ್ದೆವು.

ತೋಟದ ದಾರಿಯ ಕಲ್ಲು ಬಡಿದು ನನ್ನ ಜೀಪಿನ ಆಯಿಲ್ ಚೇಂಬರ್ ಬಿರುಕು ಬಿಟ್ಟಾಗ, ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಪೊನ್ನಪ್ಪ ಎಲ್ಲ ಎಸ್ಟೇಟಿನವರೂ ಮಾಡುವಂತೆ ಬಟ್ಟೆ ಸೋಪು ನಾದಿ ಮೆತ್ತಿದ. ಕೆಲವು ದಿನ ಸೋರಿಕೆ ನಿಂತಿತು. ಆಮೇಲೆ ಮತ್ತೆ ಸೋರತೊಡಗಿದ ಜೀಪನ್ನು ಎಳೆಸಿಕೊಂಡು ಕಾಕನಲ್ಲಿಗೆ ಹೋದೆ. ಅವರು ಚೇಂಬರ್ ಬಿಚ್ಚಿದರು. ಒಳಗೆ ಆಯಿಲ್ ಹೀರುವ ಜಾಲರಿಗೆ ಸೋಪು ಅಂಟಿಕೊಂಡಿತ್ತು. ಹೆಬ್ಬೆರಳು ಎದ್ದಿತು.

"ಇಂಜಿನ್‌ಗೆ ಸ್ನಾನ ಮಾಡ್ಸಿದ್ದು ಯಾರು ಸಾವ್ಕಾರ್ರೆ?"

"ಪೊನ್ನಪ್ಪ."

"ಮುಂದಿನ ಸಲ ಪೌಡರೂ ಹಾಕ್ಲಿಕ್ಕೆ ಹೇಳಿ ಅವನಿಗೆ."

ಚೇಂಬರ್ ತೊಳೆದು, ಬಿರುಕಿಗೆ ವೆಲ್ಡಿಂಗ್ ಮಾಡಿಸಿ, ಅಂಚಿಗೆ ಪೇಸ್ಟ್ ಹಚ್ಚಿ ಕೂರಿಸಿದರು. ಈ ಮೂಲೆಯ ಬೋಲ್ಟ್ ಬಿಗಿದರೆ ಮುಂದಿನದು ಎದುರು ಮೂಲೆಯದು. ಎಲ್ಲ ಮುಗಿಸಿ ಹೊರಬಂದವರೇ ಜೀಪಿನ ಕೀಯನ್ನು ಉಟ್ಟ ಮುಂಡಿನ ಸೊಂಟಕ್ಕೆ ಸಿಕ್ಕಿಸಿಕೊಂಡರು. ಪೇಸ್ಟ್ ಒಣಗಬೇಕು, ನಾಳೆ ಬೆಳಿಗ್ಗೆ ಬನ್ನಿ ಎಂದು ಅಪ್ಪಣೆಯಾಯಿತು.

ತೋಟದಲ್ಲಿ ಅಂದು ಕೊಯ್ದ ಕಾಫಿ ಹಣ್ಣು ಚೀಲಗಳಲ್ಲಿ ಕಾಯುತ್ತಿತ್ತು. ಸಂಜೆಯೊಳಗೆ ಸಿಪ್ಪೆ ಬಿಡಿಸುವ ಪಲ್ಪರ್ ಸೇರದಿದ್ದರೆ ಬಿಸಿಯೇರಿ ಹುಳಿಯುತ್ತದೆ. ನಮ್ಮ ವಂಶದಲ್ಲೂ ಸಿಟ್ಟಿಗೆ ಬರವಿಲ್ಲ.

"ಕೀ ಕೊಡಿ ಕಾಕ. ಹಣ್ಣು ಹಾಳಾಗ್ತದೆ."

"ಹಾಳಾಗ್ಲಿ. ಹಣ್ಣು ಬರೋ ವರ್ಷವೂ ಬರ್ತದೆ. ಈ ಇಂಜಿನ್ ಬರ್ತದಾ?"

"ಜೀಪು ನಂದು."

"ಬೋಲ್ಟ್ ಟೈಟ್ ಮಾಡಿದ್ದು ನಾನು."

ಇನ್ನು ಈ ಗ್ಯಾರೇಜಿನ ಮೆಟ್ಟಿಲು ಹತ್ತುವುದಿಲ್ಲ ಎಂದು ಘೋಷಿಸಿದೆ. ಗ್ಯಾರೇಜಿಗೆ ಮೆಟ್ಟಿಲಿರಲಿಲ್ಲ. ಬಸ್ಸಿಗೆಂದು ರಸ್ತೆಗೆ ಬಂದು ನಿಂತರೆ ಹಿಂದಿನಿಂದ ಕಾಕನ ಸ್ವಂತ ಪಿಕಪ್ ಬಂತು. "ಹತ್ತಿ," ಎಂದರು, ನನ್ನ ಮುಖ ನೋಡದೆ. ತೋಟದಿಂದ ಅಷ್ಟೂ ಚೀಲಗಳನ್ನು ಪಲ್ಪರಿಗೆ ಮುಟ್ಟಿಸಿದರು. ದಾರಿಯುದ್ದಕ್ಕೂ ಒಂದೊಂದು ಕಲ್ಲಿಗೂ ಪೊನ್ನಪ್ಪನ ಹೆಸರಿಟ್ಟು ಬೈದರು. ಕೀ ಮಾತ್ರ ಸೊಂಟದಲ್ಲೇ ಇತ್ತು.

ಕಳೆದ ಮಳೆಗಾಲದಲ್ಲಿ ಕಾಕ ತೀರಿಕೊಂಡರು. ಬಿಳಿ ಬಟ್ಟೆ ಸರಿಸಿ ಮುಖ ತೋರಿಸಿದರು. ಅಷ್ಟು ಶಾಂತವಾದ ಆ ಮುಖದ ಗುರುತು ಹತ್ತದೆ ನಿಂತೆ. ಪಾದಗಳನ್ನು ಮುಚ್ಚಿದ್ದರು.

ಮೊನ್ನೆ ಜೀಪಿನಡಿ ಮತ್ತೆ ಆಯಿಲ್ ತೊಟ್ಟಿಕ್ಕಿತು. ಗೋಣಿ ಹಾಸಿ ನಾನೇ ಅಡಿಗೆ ತೂರಿದೆ. ಪೊನ್ನಪ್ಪನ ಚಪ್ಪಲಿ ಸದ್ದು ಹತ್ತಿರ ಬಂತು, ಜೊತೆಗೆ ಸೋಪಿನ ವಾಸನೆಯೂ. ನನ್ನ ಕಾಲ ಬಳಿ ಬಂದು ನಿಂತ. ಚಪ್ಪಲಿ ಒಂದು ಹೆಜ್ಜೆ ಹಿಂದೆ ಸರಿಯಿತು.

"ನಾನು ಚಾ ಕುಡ್ದು ಬರ್ತೇನೆ," ಎಂದವನು ಬಂದ ದಾರಿಯಲ್ಲೇ ತಿರುಗಿ ಹೋದ.