ಬ್ರೇಕಿಗೆ ಸವರಿದ ಕೊಬ್ಬರಿ ಎಣ್ಣೆ

ನನ್ನ ತಮ್ಮ ತೀರಿಕೊಂಡ ಮೇಲೆ ಅವನ ಕೆಂಪು ಕಾರು ಅರಸೀಕೆರೆಯ ನಮ್ಮ ಕೊಬ್ಬರಿ ಗೋದಾಮಿನಲ್ಲೇ ನಿಂತಿತು. ಎರಡೇ ಸೀಟಿನ, ತಗ್ಗಾದ ಹಳೆಯ ಸ್ಪೋರ್ಟ್ಸ್ ಕಾರು. ವರ್ಷಕ್ಕೆ ಎರಡು ಸಲ ತಮಿಳುನಾಡಿನ ರೇಸ್ ಟ್ರ್ಯಾಕಿಗೆ ಒಯ್ದು ದಿನವಿಡೀ ಸುತ್ತು ಹಾಕಿ ಬರುತ್ತಿದ್ದ. ಸ್ಪರ್ಧೆಗಲ್ಲ, ಖುಷಿಗೆ. ನಾನು ಒಮ್ಮೆಯೂ ಜೊತೆಗೆ ಹೋಗಲಿಲ್ಲ.

ಸಾವಿಗೂ ಕಾರಿಗೂ ಸಂಬಂಧವಿಲ್ಲ. ಎದೆನೋವನ್ನು ಗ್ಯಾಸ್ ಎಂದುಕೊಂಡು ಎರಡು ದಿನ ಯಾರಿಗೂ ಹೇಳದೆ ಇದ್ದ. ಮೂರನೆಯ ದಿನ ಹೋಗಿಬಿಟ್ಟ. ಆ ಸಿಟ್ಟು ಅವನ ಹೆಂಡತಿಯಲ್ಲಿ ಹಾಗೇ ಉಳಿದಿತ್ತು.

ಆ ಮಳೆಗಾಲದಲ್ಲಿ ಕಾರಿನ ಬ್ರೇಕ್ ಡಿಸ್ಕುಗಳಿಗೆ ತುಕ್ಕು ಹತ್ತಿದ್ದನ್ನು ಕಂಡೆ. ನಮ್ಮ ಮನೆಯಲ್ಲಿ ಕತ್ತಿಯೋ ಕುಡುಗೋಲೋ ತುಕ್ಕು ಹಿಡಿದರೆ ಕೊಬ್ಬರಿ ಎಣ್ಣೆ ಸವರಿ ಇಡುವುದು ರೂಢಿ. ಬಟ್ಟೆ ಅದ್ದಿಕೊಂಡು, ಚಕ್ರದ ಸಂದಿಯಲ್ಲಿ ಕೈ ತೂರಿಸಿ, ಮುಂದಿನ ಎರಡಕ್ಕೂ ಸವರಿದೆ. ಹಿಂದಿನವಕ್ಕೆ ಕೈ ಹೋಗಲಿಲ್ಲ, ಮೂಟೆಗಳು ಅಡ್ಡವಿದ್ದವು. ತಿಂಗಳಿಗೊಮ್ಮೆ ಹೀಗೆ ಮಾಡುತ್ತಿದ್ದೆ. ಅವನಿಗಾಗಿ ಮಾಡಲು ನನಗೆ ಬೇರೇನೂ ಉಳಿದಿರಲಿಲ್ಲ.

ವರ್ಷ ಕಳೆದ ಮೇಲೆ ತಮ್ಮನ ಹೆಂಡತಿ ಬಂದು ಕೇಳಿದಳು. "ಭಾವ, ಕಾರು ಮಾರೋಕೆ ಮುಂಚೆ ನಾನೂ ಒಂದ್ಸಲ ಆ ಟ್ರ್ಯಾಕಲ್ಲಿ ಓಡಿಸ್ಬೇಕು. ಅವರು ಅಲ್ಲಿ ಏನು ಕಂಡ್ರೋ ನೋಡ್ಬೇಕು."

ಮೊದಲು ಹಳೇಬೀಡಿನವರೆಗೆ ಹೋಗಿ ಬರೋಣ ಎಂದು ಹೊರಟೆವು, ಅವಳೇ ಓಡಿಸಿದಳು. ಊರೊಳಗೆ ನಿಧಾನವಾಗಿದ್ದಾಗ, "ಬ್ರೇಕ್ ಜೋರಾಗಿ ಒತ್ಬೇಕು ಕಣ್ರೀ" ಎಂದಳು ಅಷ್ಟೇ. ಬಸ್ತಿಹಳ್ಳಿಯ ಹತ್ತಿರ ತಿರುವಿನಲ್ಲಿ ಪೆಡಲ್ ಪೂರ್ತಿ ತುಳಿದರೂ ಕಾರು ಹಿಡಿತಕ್ಕೆ ಸಿಗದೆ ರಸ್ತೆ ಬಿಟ್ಟು ರಾಗಿ ಹೊಲದ ಬದುವಿಗೆ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅವಳ ಕೈ ಮಾತ್ರ ಸ್ಟೀರಿಂಗ್ ಬಿಡಲಿಲ್ಲ.

"ಇಂಥ ಬ್ರೇಕ್ ಇಟ್ಕೊಂಡು ಓಡಿಸ್ತಿದ್ರಾ? ಎದೆನೋವಿಗೂ ಹಿಂಗೇ, ಇದಕ್ಕೂ ಹಿಂಗೇ. ಹಿಂದೆ ಯಾರಿದ್ದಾರೆ ಅನ್ನೋ ಯೋಚನೆನೇ ಇರ್ಲಿಲ್ಲ ಅವರಿಗೆ."

ನಾನೂ ಹಾಗೇ ಅಂದುಕೊಂಡೆ.

ಕಾರನ್ನು ಎಳೆಸಿ ತಂದ ಮೇಲೆ, ಅವಳಿಲ್ಲದಾಗ, ಅದನ್ನು ಮೊದಲಿನಿಂದ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಮುಂದಿನ ಚಕ್ರ ಬಿಚ್ಚಿ, ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡನ್ನು ಬೆರಳಿಂದ ಒರೆಸಿ ಮೂಸಿ ನೋಡಿದ.

"ಸಾವ್ಕಾರ್ರೇ, ಇದಕ್ಕೇನು ಹಚ್ಚಿದ್ರಿ?"

"ಕೊಬ್ಬರಿ ಎಣ್ಣೆ. ತುಕ್ಕು ಹಿಡಿದಿತ್ತಲ್ಲ."

"ಅಯ್ಯೋ ಶಿವನೇ! ಒಗ್ಗರಣೆ ಒಂದು ಹಾಕಿಲ್ಲ ನೀವು. ಬ್ರೇಕು ಉಜ್ಜಿ ಹಿಡೀಬೇಕು, ಜಾರಬಾರ್ದು. ಹಿಂದಿನವಕ್ಕೂ ಬಳಿದಿದ್ರೆ ಹೊಲದಾಗೂ ನಿಲ್ತಿರ್ಲಿಲ್ಲ." ಆಮೇಲೆ ಮೆಲ್ಲಗೆ ಹೇಳಿದ: "ಪ್ಯಾಡು ಸವೆದೈತೆ ನಿಜ. ನಿಮ್ಮ ತಮ್ಮಂಗೂ ಗೊತ್ತಿತ್ತು. ಬದಲಾಯಿಸ್ದೆ ಮತ್ತೆ ಟ್ರ್ಯಾಕಿಗೆ ಹೋಗಲ್ಲ ಅಂದಿದ್ರು."

ಹೊಸ ಡಿಸ್ಕು, ಟ್ರ್ಯಾಕಿನ ಬಿಸಿ ತಡೆಯುವ ಪ್ಯಾಡು, ಬ್ರೇಕಿನ ಕೊಳವೆಯೊಳಗೆ ತುಂಬುವ, ಸುಲಭಕ್ಕೆ ಕುದಿಯದ ದ್ರವ ಬರಲು ಒಂದು ವಾರ ಬೇಕಾಯಿತು. ಆ ವಾರದಲ್ಲಿ ಅವಳು ಎರಡು ಸಲ ಮನೆಗೆ ಬಂದಳು. ಎರಡು ಸಲವೂ ಅವನ ಅಜಾಗರೂಕತೆಯ ಮಾತೆತ್ತಿದಳು. ಸತ್ತವನು ಎದ್ದುಬಂದು ಇಲ್ಲ ಎನ್ನಲಾರ. ನಾನು ಬದುಕಿದ್ದೆ, ಆದರೂ ಬಾಯಿ ಬಿಡಲಿಲ್ಲ.

ಹೊಸ ಬ್ರೇಕನ್ನು ಪಳಗಿಸಬೇಕು ಎಂದಿದ್ದ ಮೆಕ್ಯಾನಿಕ್. ವೇಗವಾಗಿ ಹೋಗಿ ಒತ್ತಿ ನಿಧಾನಿಸಬೇಕು, ಹೀಗೆ ಹತ್ತು ಸಲ. ಕಾದಿರುವಾಗ ಪೂರ್ತಿ ನಿಲ್ಲಿಸಬಾರದು. ಬೆಳಿಗ್ಗೆ ಕಣಕಟ್ಟೆಯ ಖಾಲಿ ರಸ್ತೆಯಲ್ಲಿ ಅವಳು ಓಡಿಸಿದಳು. ನಾನು ಪಕ್ಕದಲ್ಲಿ ಕೂತು ಲೆಕ್ಕ ಹಿಡಿದೆ. ನಾಲ್ಕನೆಯ ಸಲಕ್ಕೆ ಸುಟ್ಟ ವಾಸನೆ ಬಂತು. ಕಾರು ಚೆನ್ನಾಗಿ ಹಿಡಿಯುತ್ತಿತ್ತು.

"ನೋಡಿ, ಮೊದಲೇ ಇಷ್ಟು ಮಾಡಿಸಿದ್ರೆ ಏನಾಗ್ತಿತ್ತು ಅವರಿಗೆ?" ಎಂದಳು.

"ಅವನು ಕೆಡಿಸಲಿಲ್ಲ ಕಣಮ್ಮ. ನಾನು ಡಿಸ್ಕಿಗೆ ಕೊಬ್ಬರಿ ಎಣ್ಣೆ ಹಚ್ಚಿದ್ದೆ. ಸವೆದದ್ದನ್ನ ಬದಲಾಯಿಸದೆ ಟ್ರ್ಯಾಕಿಗೆ ಹೋಗಲ್ಲ ಅಂತ ಅವನು ಮೊದಲೇ ಹೇಳಿದ್ದನಂತೆ."

ಅವಳು ಬ್ರೇಕ್ ಒತ್ತಿದಳು.

"ನಿಲ್ಲಿಸ್ಬೇಡ, ಕಾದಿದೆ" ಎಂದೆ.

ಕಾರು ಎತ್ತಿನ ಗಾಡಿಯಂತೆ ಮೆಲ್ಲಗೆ ಉರುಳಿತು. ನನ್ನನ್ನು ಬೈಯಲಿ ಎಂದು ಕಾದೆ.

"ಎದೆನೋವಿಗೆ ಬೈದದ್ದು ಇರ್ಲಿ ಭಾವ" ಎಂದಳು ಕೊನೆಗೆ. "ಬ್ರೇಕಿಗೆ ಬೈದದ್ದು ವಾಪಸ್ ತಗೊಂಡೆ."

ಸೆರಗಿನಿಂದ ಮುಖ ಒರೆಸಿಕೊಂಡು, ಎಷ್ಟನೆಯದು ಎಂದು ಕೇಳಿದಳು. ಐದನೆಯದು ಎಂದೆ.